ರಾವಣನ ಸಂಧ್ಯಾವಂದನೆ

ನಮ್ಮ ಕರಾವಳಿಯಲ್ಲಿ ಮಕ್ಕಳಿಗೂ ಗೊತ್ತಿರುವ ಕತೆ. ಶಿವನಿಂದ ಪಡೆದ ಆತ್ಮಲಿಂಗ ಹೊತ್ತು ಲಂಕೆಗೆ ಹೊರಟ ರಾವಣ ಅದನ್ನು ನೆಲಕ್ಕಿಡುವಂತಿರಲಿಲ್ಲ. ವಿಷ್ಣು ಸೂರ್ಯನಿಗೆ ಚಕ್ರ ಅಡ್ಡ ಹಿಡಿದ. ಹೊತ್ತು ಕಂತಿತೆಂದುಕೊಂಡ ರಾವಣ, ವಟುವೇಷದ ಗಣಪತಿಯ ಕೈಗೆ ಲಿಂಗ ಕೊಟ್ಟು ಸಂಧ್ಯಾವಂದನೆಗೆ ಇಳಿದ. ಮೂರು ಸಲ ಕೂಗಿದರೂ ಅವನು ಬಾರದಿರಲು ಗಣಪತಿ ಲಿಂಗವನ್ನು ಗೋಕರ್ಣದ ನೆಲಕ್ಕೆ ಇಟ್ಟೇಬಿಟ್ಟ. ಸಿಟ್ಟಿನಲ್ಲಿ ರಾವಣ ಎಸೆದ ಲಿಂಗದ ಹೊದಿಕೆಗಳಲ್ಲಿ ದಾರ ಕುಮಟಾದ ಧಾರೇಶ್ವರದಲ್ಲಿ, ಮುಚ್ಚಳ ಹೊನ್ನಾವರದ ಗುಣವಂತೆಯಲ್ಲಿ, ಬಟ್ಟೆ ಭಟ್ಕಳದ ಮುರ್ಡೇಶ್ವರದಲ್ಲಿ ಬಿದ್ದವಂತೆ. ಗೋಕರ್ಣದ ಗಣಪತಿಯ ತಲೆಯ ಮೇಲಿನ ಗುಳಿ ರಾವಣ ಗುದ್ದಿದ್ದರ ಗುರುತು ಎನ್ನುತ್ತಾರೆ.

ಈ ಕತೆಯಲ್ಲಿ ದೇವತೆಗಳು ನೆಚ್ಚಿಕೊಂಡದ್ದು ರಾವಣನ ಕರ್ಮನಿಷ್ಠೆಯನ್ನೇ. ಏನೇ ಬಂದರೂ ಇವನು ಅರ್ಘ್ಯ ತಪ್ಪಿಸುವವನಲ್ಲ ಎಂಬ ಲೆಕ್ಕ!

ವೇದವಿಧಿಗಳ ಅರ್ಥ ವಿಚಾರಿಸುವ ಮೀಮಾಂಸಕರ ಪ್ರಕಾರ ವಿಧಿಸಿದ ಕರ್ಮ ಮೂರು ಬಗೆ. ಸಂಧ್ಯಾವಂದನೆ ನಿತ್ಯ: ಇಂಥ ಫಲ ಬೇಕೆಂದು ಮಾಡುವುದಲ್ಲ, ಬಿಟ್ಟರೆ ಮಾತ್ರ ದೋಷ. ಗ್ರಹಣಸ್ನಾನದಂಥದ್ದು ನೈಮಿತ್ತಿಕ. ಮಳೆ ಬೇಕು, ಮಗ ಬೇಕು ಎಂದು ಮಾಡುವುದು ಕಾಮ್ಯ. ಆತ್ಮಲಿಂಗಕ್ಕಾಗಿ ರಾವಣ ಮಾಡಿದ ತಪಸ್ಸೂ ಅದೇ ಸಾಲಿನದು. ಬಯಸಿ ಪಡೆದದ್ದನ್ನು ಗುರುತಿಲ್ಲದ ಹುಡುಗನ ಕೈಗಿತ್ತು ನಿತ್ಯಕರ್ಮಕ್ಕೆ ಓಡಿದ ರಾವಣ, ಆ ಮಟ್ಟಿಗೆ ಒಳ್ಳೆಯ ಮೀಮಾಂಸಕನೇ. ಕರ್ಮದಿಂದ ಚಿತ್ತ ಶುದ್ಧವಾದೀತು, ಮೋಕ್ಷ ಮಾತ್ರ ಜ್ಞಾನದಿಂದಲೇ ಎಂದ ಶಂಕರರು ಈ ಓಟವನ್ನು ಅಷ್ಟಾಗಿ ಮೆಚ್ಚುತ್ತಿರಲಿಲ್ಲವೇನೋ.

ಆದರೆ ವಿಧಿ ನಿಜಕ್ಕೂ ಅಷ್ಟು ಬಿಗಿಯೇ? ಹೊತ್ತು ಮೀರಿದರೆ ಪ್ರಾಯಶ್ಚಿತ್ತವಾಗಿ ಒಂದು ಅರ್ಘ್ಯ ಹೆಚ್ಚಿಗೆ ಬಿಡಿ ಎಂದು ಸಂಧ್ಯಾವಂದನೆಯ ಕ್ರಮವೇ ಹೇಳುತ್ತದೆ. ಯಜ್ಞದಲ್ಲಿ ಸೋಮ ಸಿಗದಿದ್ದರೆ ಬದಲಿಗೆ ಪೂತೀಕವೆಂಬ ಸಸ್ಯ ಆದೀತು ಎಂದವರೂ ಮೀಮಾಂಸಕರೇ. ಪೂಜೆ ಮುಗಿದ ಮೇಲೆ ಮಂತ್ರದಲ್ಲಿ, ಕ್ರಿಯೆಯಲ್ಲಿ ಕೊರತೆ ಬಂದಿದ್ದರೆ ಕ್ಷಮಿಸು ಎಂದು ಬೇಡುವುದೂ ಪೂಜೆಯ ಭಾಗವೇ. ಮನುಷ್ಯ ತಡಮಾಡುತ್ತಾನೆ, ಮರೆಯುತ್ತಾನೆ ಎಂಬುದು ವಿಧಿ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ವೇದ ಬಲ್ಲ ರಾವಣ ಈ ಸಡಿಲನ್ನು ಬಳಸಿಕೊಳ್ಳಲೇ ಇಲ್ಲ. ನಿಯಮ ನೆನಪಿದ್ದು ಅದರೊಳಗಿನ ರಿಯಾಯಿತಿ ಮರೆತುಹೋದಾಗ ಆಚರಣೆ ಕರ್ಮಠತನವಾಗುತ್ತದೆ ಎಂದು ನನ್ನ ಎಣಿಕೆ.

ಗೋಕರ್ಣದ ಕೋಟಿತೀರ್ಥದ ಮೆಟ್ಟಿಲ ಮೇಲೆ ಈ ಸಡಿಲೂ ಕರ್ಮಠತನವೂ ದಿನವೂ ಕಾಣುತ್ತವೆ. ಎಳ್ಳು, ದರ್ಭೆ ಹಿಡಿದು ಪಿತೃಕಾರ್ಯಕ್ಕೆ ಕೂತವರಿಗೆ ಜನಿವಾರ ಯಾವ ಹೆಗಲಿಗೆ ಬರಬೇಕೆಂಬುದೇ ಗೊಂದಲ. ಪುರೋಹಿತರು ಕೈಸನ್ನೆಯಲ್ಲೇ ಬಲ ಹೆಗಲು ತೋರಿಸಿ, ತಡೆಯದೆ ಮಂತ್ರ ಮುಂದುವರಿಸುತ್ತಾರೆ. ಗಾಬರಿಯೆಲ್ಲ ಹಿಂದೆ ನಿಂತು ತಪ್ಪು ಎಣಿಸುವ ನೆಂಟರದ್ದು.