ಮುಚ್ಚಳದೊಳಗಣ ಅರ್ಚನೆ

ಸೌದಿ ಅರೇಬಿಯದ ಪೂರ್ವತೀರದಲ್ಲಿ 1975ರ ರಾಜಾಜ್ಞೆಯನ್ನನುಸರಿಸಿ ಬೆಳೆದ ಜುಬೈಲ್ ಕೈಗಾರಿಕಾ ನಗರದಲ್ಲಿ ದುಡಿಯುವ ಕನ್ನಡಿಗ ಕುಶಲಕರ್ಮಿಗೆ, ಆಯುಧಪೂಜೆಯಂದು ತನ್ನ ಹಳೆಯ ಲೇತಿಗೆ ಕುಂಕುಮವಿಟ್ಟು ಬೂದುಗುಂಬಳ ಒಡೆಯುವ ಅವಕಾಶವಿಲ್ಲದಿರುವಾಗ, ಅವನ ಪೂಜೆ ಲೋಪವಾಯಿತೆನ್ನಬಹುದೆ?

ಲೋಪವಾಗದೆಂದೇ ನನ್ನ ದೃಢವಾದ ನಂಬಿಕೆ. ವಿದ್ಯುತ್ತನ್ನು ಕಡಿದು, ಗೇರ್‌ಬಾಕ್ಸಿನ ಎಣ್ಣೆಯನ್ನು ಬಸಿದು, ಅದರಲ್ಲಿ ಹೊಳೆವ ಕಣಗಳು ಹಳದಿಯಾದರೆ ಕಂಚಿನ ಬುಷ್ ಸವೆದಿದೆಯೆಂದೂ, ಅಯಸ್ಕಾಂತಕ್ಕೆ ಅಂಟಿದರೆ ಉಕ್ಕಿನ ಹಲ್ಲುಗಳೋ ಬೇರಿಂಗುಗಳೋ ಸವೆದಿವೆಯೆಂದೂ ಊಹಿಸಿ, ಮರುಭೂಮಿಯ ನುಣ್ಣನೆಯ ಧೂಳು ಒಳಹೊಕ್ಕು ಹಲ್ಲುಗಳನ್ನು ಅರೆಯದಂತೆ ಪೆಟ್ಟಿಗೆಯನ್ನು ತೊಳೆದು, ಚಕ್ರಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ ಪರೀಕ್ಷಿಸುವ ಏಕಾಗ್ರತೆ, 12ನೆಯ ಶತಮಾನದಲ್ಲಿ ಶರಣರು ಎತ್ತಿಹಿಡಿದ ಕಾಯಕವಲ್ಲದೆ ಮತ್ತೇನು? ಮುಚ್ಚಳವಿಟ್ಟೊಡನೆ ಯಾರ ಕಣ್ಣಿಗೂ ಬೀಳದ ಶುದ್ಧಿಯಿದು. ದೇವರು ಕಾಣುತ್ತಿರುವನೆಂಬ ಅರಿವಿನಿಂದ ನಡೆಯಬೇಕೆನ್ನುವ ಇಸ್ಲಾಮಿನ ಇಹ್ಸಾನ್ ಭಾವನೆಯೂ ಈ ಕೆಲಸವನ್ನು ತನ್ನದೆಂದೇ ಒಪ್ಪಿಕೊಂಡೀತು.