ಚೆಲುವಿಗೆ ಒಡೆತನ ಬೇಕೆ?

"ದುಡ್ಡು ಕೊಟ್ಟು ದುಡ್ಡನ್ನೇ ತಗೊಂಡ್ಯೇನೇ?"

ವಿಡಿಯೋ ಕರೆಯಲ್ಲಿ ಅಜ್ಜಿ ಹೀಗೆ ಕೇಳಿದಾಗ ನನಗೆ ನಗು ಬಂತು. ಅವಳಿಗೆ ತೋರಿಸಲೆಂದು ನಾನು ಅಂಗೈಯಲ್ಲಿ ಹಿಡಿದಿದ್ದದ್ದು 1918ರ ಅಮೆರಿಕದ ಅರ್ಧ ಡಾಲರ್ ಬೆಳ್ಳಿ ನಾಣ್ಯ. ಸಂಶೋಧನೆಗೆಂದು ನಾನು ಬಂದು ನೆಲೆಸಿರುವ ಇಲ್ಲಿನ ಊರಿನಲ್ಲಿ, ವಿಶ್ವವಿದ್ಯಾಲಯದಿಂದ ಹತ್ತು ನಿಮಿಷ ನಡೆದರೆ ಹಳೆಯ ನಾಣ್ಯಗಳ ಅಂಗಡಿಯೊಂದಿದೆ. ಐವತ್ತು ಸೆಂಟಿನ ಆ ನಾಣ್ಯಕ್ಕೆ ಅದರ ಮುಖಬೆಲೆಯ ಎಷ್ಟೋ ಪಟ್ಟು ಕೊಟ್ಟು ತಂದಿದ್ದೆ. "ಲಾಭಕ್ಕಲ್ಲ ಅಜ್ಜಿ, ನೋಡೋಕೆ ಚೆನ್ನಾಗಿದೆ ಅಂತ" ಎಂದೆ. "ನೋಡೋಕಾದ್ರೆ ಅಂಗಡೀಲೇ ನೋಡಿ ಬರ್ಬೋದಿತ್ತಲ್ಲ" ಎಂದಳು.

ತತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ನನಗೆ ಈ ಮಾತನ್ನು ತಮಾಷೆಯೆಂದು ಬಿಟ್ಟುಬಿಡಲು ಆಗಲಿಲ್ಲ. ಚೆಲುವನ್ನು ಮೆಚ್ಚಲು ಅದು ನಮ್ಮದಾಗಿರಲೇಬೇಕೆ? ಸಂಜೆಯ ಬಾನನ್ನು ಯಾರೂ ಮನೆಗೆ ಹೊತ್ತು ತರುವುದಿಲ್ಲ. ಹಾಗಿರುವಾಗ ನಾಣ್ಯವನ್ನು ಮಾತ್ರ ಏಕೆ ತಂದು ಪೆಟ್ಟಿಗೆಯಲ್ಲಿಡಬೇಕು?

ಈ ನಾಣ್ಯಗಳ ಚೆಲುವಿನ ಹಿಂದೆ ಒಂದು ಕತೆಯಿದೆ. 1904ರ ಡಿಸೆಂಬರಿನಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ತನ್ನ ಹಣಕಾಸು ಸಚಿವರಿಗೆ ಪತ್ರ ಬರೆದು, ದೇಶದ ನಾಣ್ಯಗಳು ವಿಪರೀತ ಕುರೂಪವಾಗಿವೆ ಎಂದು ದೂರಿದ. ಪ್ರಾಚೀನ ಗ್ರೀಕರ ನಾಣ್ಯಗಳನ್ನು ಮೆಚ್ಚಿಕೊಂಡಿದ್ದ ಅವನು ಶಿಲ್ಪಿ ಆಗಸ್ಟಸ್ ಸೇಂಟ್-ಗಾಡೆನ್ಸ್‌ನನ್ನು ಕರೆಸಿದ. ಆತ ಚಿನ್ನದ ನಾಣ್ಯಗಳಿಗೆ ರೂಪ ಕೊಟ್ಟು 1907ರಲ್ಲಿ ತೀರಿಕೊಂಡ. ಬೆಳ್ಳಿಯ ಸರದಿ ಬಂದದ್ದು 1916ರಲ್ಲಿ. ಆ ವರ್ಷ ಹತ್ತು ಸೆಂಟ್ ಮತ್ತು ಐವತ್ತು ಸೆಂಟಿನ ನಾಣ್ಯಗಳನ್ನು ಅಡಾಲ್ಫ್ ವೈನ್‌ಮನ್, ಇಪ್ಪತ್ತೈದು ಸೆಂಟಿನದನ್ನು ಹರ್ಮನ್ ಮ್ಯಾಕ್‌ನೀಲ್ ರೂಪಿಸಿದರು. ಇಬ್ಬರೂ ಟಂಕಸಾಲೆಯ ನೌಕರರಲ್ಲ, ಹೊರಗಿನ ಶಿಲ್ಪಿಗಳು.

ವೈನ್‌ಮನ್‌ನ ಅರ್ಧ ಡಾಲರಿನಲ್ಲಿ ಸ್ವಾತಂತ್ರ್ಯದೇವಿ ನಿಂತಿಲ್ಲ, ನಡೆಯುತ್ತಿದ್ದಾಳೆ. ಮುಂದೆ ಸೂರ್ಯ ಹುಟ್ಟುತ್ತಿದ್ದಾನೆ. ಒಂದು ಕೈ ಮುಂದಕ್ಕೆ ಚಾಚಿದೆ, ಇನ್ನೊಂದು ತೋಳಿನಲ್ಲಿ ಎಲೆಯ ಕೊಂಬೆಗಳಿವೆ. ಮೈಗೆ ಹೊದ್ದ ಬಾವುಟ ಹಿಂದಕ್ಕೆ ಹಾರುತ್ತಿದೆ. ಮೂರು ಸೆಂಟಿಮೀಟರಿನಷ್ಟು ಅಗಲದ ಲೋಹದಲ್ಲಿ ಗಾಳಿ ಬೀಸುವುದು ಕಾಣುತ್ತದೆ. ಈ ಚೆಲುವನ್ನು ಅವರು ಗ್ಯಾಲರಿಯ ಗೋಡೆಗೆ ಹಾಕಲಿಲ್ಲ. ಹಾಲಿನವನ ಜೇಬಿಗೆ, ಗಿರಣಿಯ ಹುಡುಗಿಯ ಸಂಬಳಕ್ಕೆ, ಬಸ್ಸಿನ ಚಿಲ್ಲರೆಗೆ ಹಾಕಿದರು. ಕಲೆಯನ್ನು ಹೀಗೆ ಎಲ್ಲರ ಕೈಗೂ ಹಂಚುವ ಬೇರೆ ದಾರಿ ನನಗೆ ಹೊಳೆಯುವುದಿಲ್ಲ.

ಹಾಗೆಂದು ಮರುಳಾಗುವಂತಿಲ್ಲ. ಕಾಸಿನ ಮೇಲೆ ಹೆಣ್ಣನ್ನು ಸ್ವಾತಂತ್ರ್ಯವೆಂದು ಕೆತ್ತಿದ 1916ರಲ್ಲಿ ಆ ದೇಶದ ಬಹುಪಾಲು ಹೆಂಗಸರಿಗೆ ಮತದ ಹಕ್ಕಿರಲಿಲ್ಲ. ದೇಶಮಟ್ಟದಲ್ಲಿ ಅದು ಬಂದದ್ದು 1920ರಲ್ಲಿ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಬಾಗಿಲು. ನನ್ನ ಬಳಿ 1923ರ ಪೀಸ್ ಡಾಲರ್ ಒಂದಿದೆ. ಅದನ್ನು ರೂಪಿಸಿದ ಆಂಥನಿ ಡಿ ಫ್ರಾನ್ಸಿಸ್ಕಿ ಇಟಲಿಯಿಂದ ಬಂದ ವಲಸಿಗ. ಸ್ವಾತಂತ್ರ್ಯದೇವಿಗೆ ಮಾದರಿಯಾದ ಅವನ ಹೆಂಡತಿ ತೆರೇಸಾ ಕೂಡ ಅಲ್ಲಿಂದಲೇ ಬಂದವಳು. ಹೊರಗಿನಿಂದ ಬಂದ ಹೆಣ್ಣಿನ ಮುಖ ಒಂದು ದೇಶದ ಸ್ವಾತಂತ್ರ್ಯದ ಮುಖವಾಯಿತಲ್ಲ ಎಂದು ಅದನ್ನು ಕೊಂಡಿದ್ದೆ. ಆಮೇಲೆ ಇಸವಿ ನೆನಪಾಯಿತು. ಅದೇ 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿಯ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅಲ್ಲಿನ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ಆತ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟಿದ್ದವನು. ತೀರ್ಪಿನ ದಿನವೂ ಕೋರ್ಟಿಗೆ ಬಂದವರ ಜೇಬಿನಲ್ಲಿ ಸ್ವಾತಂತ್ರ್ಯದೇವಿ ಇದ್ದೇ ಇದ್ದಳು.

ಇಷ್ಟೆಲ್ಲ ತಿಳಿದ ಮೇಲೂ ನಾಣ್ಯ ನನಗೆ ಚೆಂದವಾಗಿಯೇ ಕಾಣುತ್ತದೆ. ಅದು ತಪ್ಪೆಂದು ನನಗನಿಸುವುದಿಲ್ಲ. ವೈನ್‌ಮನ್ ಆ ಸೆರಗಿನ ಮಡಿಕೆಗಳಿಗೆ ಪಟ್ಟ ಶ್ರಮ ಸುಳ್ಳಲ್ಲ. ಸುಳ್ಳು ಇರುವುದು ಕೆತ್ತನೆಗೂ ಕಾನೂನಿಗೂ ನಡುವಿನ ಅಂತರದಲ್ಲಿ. ಚೆಲುವನ್ನು ನೋಡುವವರು ಆ ಅಂತರವನ್ನೂ ನೋಡಬೇಕು, ಅಷ್ಟೆ. ನನಗೆ ಇದಕ್ಕಿಂತ ಕಷ್ಟವಾಗಿರುವುದು ನನ್ನದೇ ಮನಸ್ಸನ್ನು ನಂಬುವುದು.

ಕಳೆದ ಚಳಿಗಾಲದ ಒಂದು ಶನಿವಾರ ಆ ಅಂಗಡಿಯಲ್ಲಿ ಸವೆದ ಡೈಮುಗಳ, ಅಂದರೆ ಹತ್ತು ಸೆಂಟಿನ ನಾಣ್ಯಗಳ, ಒಂದು ತಟ್ಟೆಯನ್ನು ನನ್ನ ಮುಂದಿಟ್ಟರು. ಅವುಗಳ ಮೇಲೆ ರೆಕ್ಕೆಯ ಟೊಪ್ಪಿಗೆ ತೊಟ್ಟ ಹೆಣ್ಣಿನ ಮುಖವಿದೆ. ವಿಚಾರಕ್ಕೆ ರೆಕ್ಕೆಯುಂಟು ಎಂದು ಸೂಚಿಸಲು ವೈನ್‌ಮನ್ ಹಾಗೆ ಮಾಡಿದ. ಜನ ಅವಳನ್ನು ರೋಮನ್ನರ ದೇವರು ಮರ್ಕ್ಯುರಿ ಎಂದು ತಿಳಿದರು, ಆ ಹೆಸರೇ ನಿಂತಿತು. 1916ರಲ್ಲಿ ಡೆನ್ವರ್ ಟಂಕಸಾಲೆಯಲ್ಲಿ ಈ ಡೈಮನ್ನು ಅಚ್ಚು ಹಾಕಿದ್ದು 2,64,000 ಮಾತ್ರ. ಫಿಲಡೆಲ್ಫಿಯಾದಲ್ಲಾದರೋ ಅದೇ ವರ್ಷ ಎರಡು ಕೋಟಿಗೂ ಹೆಚ್ಚು. ಹಾಗಾಗಿ ಹಿಂಬದಿಯಲ್ಲಿ 'ಡಿ' ಎಂಬ ಪುಟ್ಟ ಅಕ್ಷರವಿರುವ 1916ರ ಡೈಮ್ ತೀರಾ ಸವೆದಿದ್ದರೂ ನೂರಾರು ಡಾಲರ್ ಬಾಳುತ್ತದೆ.

ನಾನು ಒಂದೊಂದೇ ನಾಣ್ಯ ಎತ್ತಿ ಇಸವಿ ನೋಡುವುದು, ತಿರುವಿ ಅಕ್ಷರ ಹುಡುಕುವುದು, ಪಕ್ಕಕ್ಕಿಡುವುದು ಮಾಡುತ್ತಿದ್ದೆ. ಸಿಕ್ಕಿದರೆ ಅಂಗಡಿಯವರಿಗೆ ಹೇಳಬೇಕೋ ಬೇಡವೋ ಎಂಬ ಲೆಕ್ಕಾಚಾರವೂ ಒಳಗೇ ನಡೆದಿತ್ತು. ಹೇಳುವುದಿಲ್ಲ ಎಂದು ಮನಸ್ಸು ಆಗಲೇ ತೀರ್ಮಾನಿಸಿಬಿಟ್ಟಿತ್ತು. ತಟ್ಟೆ ಮುಗಿಯಿತು, ಸಿಗಲಿಲ್ಲ. ಹೊರಗೆ ಬಂದು ಚಳಿಯಲ್ಲಿ ನಡೆಯುವಾಗ ಹೊಳೆಯಿತು: ಒಂದು ಗಂಟೆಯ ಹೊತ್ತು ಅಷ್ಟೊಂದು ಮುಖಗಳನ್ನು ಕೈಯಲ್ಲಿ ಹಿಡಿದಿದ್ದೆ, ಒಂದನ್ನೂ ನೋಡಿರಲಿಲ್ಲ. 'ಡಿ' ಅಕ್ಷರದಿಂದ ಆ ಮುಖದ ಚೆಲುವು ಒಂದಿಷ್ಟೂ ಹೆಚ್ಚುವುದಿಲ್ಲ. ಚೆಲುವಿಗಾಗಿ ಸಂಗ್ರಹಿಸುತ್ತೇನೆ ಎಂದು ಅಜ್ಜಿಗೆ ಹೇಳಿದ್ದ ನನ್ನ ಎದೆ ಬಡಿದುಕೊಂಡದ್ದು ಆ ಅಕ್ಷರಕ್ಕೆ.

ಸೌಂದರ್ಯದ ಸಂತೋಷದಲ್ಲಿ ಸ್ವಾರ್ಥದ ಬೆರಕೆ ಇರಬಾರದು ಎಂದು ಕಾಂಟ್ 1790ರಲ್ಲಿ ವಾದಿಸಿದ. ಒಂದು ವಸ್ತು ನಿಜವಾಗಿ ಇರಲಿ, ನನಗೆ ದಕ್ಕಲಿ ಎಂಬ ಆಸೆ ಹುಟ್ಟಿದೊಡನೆ ಆ ತೀರ್ಪು ಶುದ್ಧವಾಗಿ ಉಳಿಯುವುದಿಲ್ಲ. ಅವನಿಗಿಂತ ಎಷ್ಟೋ ಶತಮಾನ ಮೊದಲು ನಮ್ಮ ಆಲಂಕಾರಿಕರು ಇದನ್ನೇ ಬೇರೆ ದಿಕ್ಕಿನಿಂದ ಕಂಡಿದ್ದರು. ಭಟ್ಟನಾಯಕ, ಅಭಿನವಗುಪ್ತರು ಸಾಧಾರಣೀಕರಣ ಎಂದು ಕರೆದದ್ದರ ತಿರುಳೂ ಹೀಗೆಯೇ: ರಂಗದ ಮೇಲಿನ ಭಾವ ನನ್ನದೆಂದೂ ಪರರದೆಂದೂ ಅನಿಸದಿದ್ದಾಗ ಮಾತ್ರ ರಸ. ಇದನ್ನೆಲ್ಲ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ. ಡೈಮಿನ ತಟ್ಟೆಯ ಮುಂದೆ ಅದರಲ್ಲಿ ಒಂದೂ ನೆರವಿಗೆ ಬರಲಿಲ್ಲ.

ಆದರೂ ನಾಣ್ಯದ ಪರವಾಗಿ ಒಂದು ಮಾತು ಉಳಿಯುತ್ತದೆ. ಅದು ಬರಿಯ ಕಣ್ಣಿನ ಕಲೆಯಲ್ಲ. ಮುಟ್ಟಿದರೇ ಅದು ಪೂರ್ತಿಯಾಗುವುದು. ಮ್ಯಾಕ್‌ನೀಲ್‌ನ ಕ್ವಾರ್ಟರಿನಲ್ಲಿ ಇಸವಿ ಉಬ್ಬಿಕೊಂಡಿದ್ದರಿಂದ ಬೆರಳುಗಳಿಗೆ ಸಿಕ್ಕಿ ಬಲುಬೇಗ ಅಳಿಸಿಹೋಗುತ್ತಿತ್ತು. 1925ರಲ್ಲಿ ಅದನ್ನು ತಗ್ಗಿಸಿ ಕೆತ್ತಬೇಕಾಯಿತು. ಇಸವಿ ಅಳಿದ ಅಂಥ ನಾಣ್ಯಗಳನ್ನು ಸಂಗ್ರಾಹಕರು ಒಲ್ಲರು. ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಯಾರೂ ಮುಟ್ಟದೆ ಉಳಿದದ್ದಕ್ಕೆ ಎಲ್ಲಿಲ್ಲದ ಬೆಲೆ. ಎಲ್ಲರೂ ಮುಟ್ಟಲಿ ಎಂದು ಮಾಡಿದ್ದನ್ನು ಯಾರೂ ಮುಟ್ಟಿಲ್ಲ ಎಂಬ ಕಾರಣಕ್ಕೆ ಬೆಲೆ ಕಟ್ಟುವುದು ವಿಚಿತ್ರವಲ್ಲವೆ?

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಆ ಅರ್ಧ ಡಾಲರನ್ನು ಜೊತೆಗೆ ಒಯ್ದೆ. ಹಾಸನದ ಕಡೆಯ ಹಳ್ಳಿ ನಮ್ಮದು. ಅಜ್ಜಿಗೆ ಹೇಳಲು ಒಂದು ಕತೆಯೂ ನನ್ನ ಬಳಿ ಇತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿ ಬೆಳ್ಳಿಗೆ ಬರ ಬಂದು, 1917ರಲ್ಲಿ ಸರ್ಕಾರ ಒಂದು ರೂಪಾಯಿಯ ನೋಟು ತಂದಿತು. ಜನಕ್ಕೆ ಕಾಗದದ ಮೇಲೆ ನಂಬಿಕೆ ಇರಲಿಲ್ಲ. ನೋಟು ಕೊಟ್ಟು ಬೆಳ್ಳಿ ಕೇಳಿದರು. ಆಗ, 1918ರಲ್ಲಿ, ಪಿಟ್‌ಮನ್ ಕಾಯಿದೆಯಡಿ ಅಮೆರಿಕ ತನ್ನ ಸುಮಾರು 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರಲ್ಲಿ ಸುಮಾರು 26 ಕೋಟಿ ಡಾಲರುಗಳ ಬೆಳ್ಳಿಯನ್ನು ಬ್ರಿಟನ್ ಭಾರತಕ್ಕಾಗಿ ಕೊಂಡುಕೊಂಡಿತು. ಆ ಡಾಲರುಗಳ ಮೇಲಿದ್ದ ಸ್ವಾತಂತ್ರ್ಯದೇವಿ ಕರಗಿದಳು. ಅದೇ ಬೆಳ್ಳಿ ಐದನೆಯ ಜಾರ್ಜನ ಮುಖದ ರೂಪಾಯಿಯಾಯಿತು. ಅದಕ್ಕೆ ಒಂದು ವರ್ಷ ಮೊದಲು, 1917ರಲ್ಲಿ, ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದಿಂದ ವಲಸೆಯನ್ನು ತಡೆಯುವ ಕಾನೂನನ್ನು ಅಮೆರಿಕ ಮಾಡಿತ್ತು. ಬೆಳ್ಳಿ ಬರಲು ದಾರಿಯಿತ್ತು, ನಮ್ಮವರು ಹೋಗಲು ಇರಲಿಲ್ಲ. ಕರಗಿಸಿದ್ದರ ಬದಲಿಗೆ ಅಷ್ಟೇ ಡಾಲರುಗಳನ್ನು ಮತ್ತೆ ಅಚ್ಚು ಹಾಕಬೇಕೆಂದು ಅದೇ ಪಿಟ್‌ಮನ್ ಕಾಯಿದೆ ಹೇಳಿತ್ತು. ನನ್ನ 1923ರ ಪೀಸ್ ಡಾಲರ್ ಹುಟ್ಟಿದ್ದು ಹಾಗೆ.

"ರಾಜನ ರೂಪಾಯಿ ನಮ್ಮನೇಲೂ ಇತ್ತು. ನಮ್ಮಮ್ಮ ಕೊಟ್ಟಿದ್ದು" ಎಂದಳು ಅಜ್ಜಿ. "ಈಗೆಲ್ಲಿ?" ಎಂದು ನಾನು ಆತುರದಿಂದ ಕೇಳಿದೆ. ಆ ಆತುರ ಯಾವುದೆಂದು ನನಗೆ ಗೊತ್ತಿತ್ತು. "ಎಲ್ಲಿರುತ್ತೆ? ನಿಮ್ಮಮ್ಮ ನಡೆಯೋದು ಕಲಿಯೋವಾಗ ಅಕ್ಕಸಾಲಿಗ್ರಿಗೆ ಕೊಟ್ಟು ಕಾಲ್ಗೆಜ್ಜೆ ಮಾಡಿಸ್ದೆ. ನೀನು ಹುಟ್ಟಿದಾಗ ಆ ಗೆಜ್ಜೆ ಕರಗಿಸಿ ನಿಂಗೆ ಉಡುದಾರ ಆಯ್ತು." ಅಯ್ಯೋ, ಕರಗಿಸಬಾರದಿತ್ತು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. "ರಾಜನ ಮುಖ ಇಟ್ಕೊಂಡು ಏನ್ ಮಾಡ್ಬೇಕಿತ್ತು ಹೇಳು? ಮಗು ಎಲ್ಲಿದೆ ಅಂತ ಗೆಜ್ಜೆ ಸದ್ದಲ್ಲೇ ಗೊತ್ತಾಗೋದು" ಎಂದಳು.

ಕಾಪಾಡುವುದೇ ಪ್ರೀತಿ ಎಂದು ಸಂಗ್ರಾಹಕರು ನಂಬುತ್ತಾರೆ, ನಾನೂ ನಂಬಿದ್ದೆ. ಎಲ್ಲರೂ ಅಜ್ಜಿಯಂತೆ ಕರಗಿಸಿದ್ದರೆ ವೈನ್‌ಮನ್‌ನ ಕೆಲಸ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ ಎಂಬುದೂ ನಿಜ. ಯಾರೋ ಎತ್ತಿಟ್ಟದ್ದರ ಋಣ ನನ್ನ ಮೇಲಿದೆ. ಆದರೆ ಎತ್ತಿಡುವವರು ಮೇಲು, ಕರಗಿಸಿದವರು ತಿಳಿಯದವರು ಎಂದು ನಾನು ಇನ್ನು ಹೇಳಲಾರೆ. ಅಜ್ಜಿಗೆ ಬೆಳ್ಳಿ ಒಂದು ರೂಪದಿಂದ ಇನ್ನೊಂದಕ್ಕೆ ಹೋಗುವಂಥದ್ದು. ಒಂದು ರೂಪವನ್ನೇ ಹಿಡಿದು ಕೂರುವ ಹಟ ನನ್ನದು.

ಅರ್ಧ ಡಾಲರನ್ನು ಅವಳ ಕೈಗಿಟ್ಟೆ. ಮೊದಲು ಅಂಗೈಯಲ್ಲಿ ತೂಗಿ ನೋಡಿ "ತೊಲಕ್ಕಿಂತ ಒಂಚೂರು ಜಾಸ್ತಿ ಇದೆ" ಎಂದಳು. ಹಳೆಯ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, 11.66 ಗ್ರಾಂ, ಅರ್ಧ ಡಾಲರ್ 12.5 ಗ್ರಾಂ. ಆಮೇಲೆ ಬಾಗಿಲ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ, ಬಹಳ ಹೊತ್ತು ನೋಡಿದಳು. "ಮುಖ ಸವೆದೋಗಿದೆ. ಆದ್ರೂ ಬಟ್ಟೆ ಗಾಳಿಗೆ ಹೆಂಗೆ ಹಾರ್ತಿದೆ ನೋಡು" ಎಂದು ನಕ್ಕಳು. "ನೀನೇ ಇಟ್ಕೋ ಅಜ್ಜಿ" ಎಂದೆ. "ನಂಗ್ಯಾಕೆ? ನೋಡಿದ್ದಾಯ್ತಲ್ಲ, ತಗೋ" ಎಂದು ನನ್ನ ಕೈಗೆ ಹಿಂದಿರುಗಿಸಿ ಒಳಗೆ ಹೋದಳು.

ನಾನು ಸಂಗ್ರಹ ಬಿಟ್ಟಿಲ್ಲ. ಹನ್ನೊಂದು ನಾಣ್ಯಗಳಿವೆ, ಮಾರುವ ಯೋಚನೆ ಇಲ್ಲ. ಪ್ಲಾಸ್ಟಿಕ್ ಡಬ್ಬಿಗಳಿಂದ ತೆಗೆದು ಮೇಜಿನ ಮೇಲಿನ ಬಟ್ಟಲಿಗೆ ಹಾಕಿದ್ದೇನೆ, ಬಂದವರು ಎತ್ತಿ ನೋಡುತ್ತಾರೆ. ಅಂಗಡಿಗೂ ಹೋಗುತ್ತೇನೆ. ನೋಡಿ, ಕೊಳ್ಳದೆ, ಬರಿಗೈಯಲ್ಲಿ ಬರಬೇಕೆಂದು ಪ್ರತಿ ಸಲ ಅಂದುಕೊಳ್ಳುತ್ತೇನೆ. ಈವರೆಗೆ ಎರಡು ಸಲ ಹಾಗೆ ಬಂದಿದ್ದೇನೆ.