ಉಳಿ ಹಿಡಿದವನು ಯಾರ ಆಳು?

'ಸ್ವತಂತ್ರ ಕುಶಲಕರ್ಮಿ' ಎಂಬ ಮಾತು ಸರ್ಕಾರಿ ಕಾಗದಗಳಲ್ಲಿ ಬಲು ಚೆಂದ ಕೂತಿರುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಬಸ್‌ಸ್ಟ್ಯಾಂಡಿನ ಬದಿಗೆ ಗೋಣಿತಟ್ಟು ಹಾಸಿ, ಉಳಿ ರಂಪಿಗೆ ಹರವಿಕೊಂಡು ಕೆರ ಹೊಲಿಯುವವನ ಮುಂದೆ ಆ ಮಾತು ಹೇಳಿ ನೋಡಿರಿ. ಅವನಿಗೆ ಮಾಲೀಕನಿಲ್ಲ, ಹಾಜರಿ ಪುಸ್ತಕವಿಲ್ಲ, ಸಂಜೆಗೆ ಬಂದ ರೊಕ್ಕ ಅವನದೇ. ಹಾಗಾದರೆ ಅವನು ಸ್ವತಂತ್ರನೇ? ಸ್ವತಂತ್ರನಾಗಿದ್ದರೆ ಮೇಲ್ಜಾತಿಯ ಒಬ್ಬನೂ ಆ ಗೋಣಿತಟ್ಟಿನ ಮೇಲೆ ಬಂದು ಕೂಡುವುದಿಲ್ಲವೇಕೆ?

ಹಳ್ಳಿಯ ಹಳೆಯ ಲೆಕ್ಕದಿಂದ ಶುರು ಮಾಡೋಣ. ವರ್ಷಪೂರ್ತಿ ಹೊಲ ಇದ್ದವರ ಮನೆಗೆ ಕೆರ ಹೊಲಿಯಬೇಕು, ಬಾರಕೋಲು, ಮಿಣಿ ಮಾಡಿಕೊಡಬೇಕು, ಸತ್ತ ದನ ಎಳೆಯಬೇಕು. ಬದಲಿಗೆ ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಜೋಳದ ಆಯ. ಎಷ್ಟು ಎಂದು ತೀರ್ಮಾನಿಸುವವನು ಕೊಡುವವನೇ. "ಯಪ್ಪಾ, ಇನ್ನೊಂದೀಟು ಹಾಕ್ರಿ" ಎಂದು ಉಡಿಯೊಡ್ಡಿದರೆ "ಸಾಕ್ ನಡೀಲೇ" ಎಂಬ ಉತ್ತರ. ತಾನು ಹೊಲಿದ ಕೆರವನ್ನು ತಾನೇ ಮೆಟ್ಟಿಕೊಂಡು ಗೌಡರ ಓಣಿಯಲ್ಲಿ ನಡೆಯುವಂತಿರಲಿಲ್ಲ. ಇದನ್ನು ಗ್ರಾಮ ಸ್ವಾವಲಂಬನೆ ಎಂದು ಹಾಡಿ ಹೊಗಳಿದ ಪಂಡಿತರಿದ್ದಾರೆ. ಸ್ವಾವಲಂಬನೆ ಊರಿನದು, ಉಪವಾಸ ಕೇರಿಯದು.

"ಈಗ ಆಯ ಹೋಗಿ ರೊಕ್ಕ ಬಂದೈತಲ್ಲ, ಮತ್ತೇನ್ ಬೇಕು?" ಎನ್ನುವವರುಂಟು. ರೊಕ್ಕ ಒಂದು ಗಂಟು ಬಿಚ್ಚಿದ್ದು ನಿಜ. ಆದರೆ ಡಾಕ್ಟರ ಫೀಜಿಗೆ ತುಟಿ ಬಿಚ್ಚದವನು ಇಲ್ಲಿ "ಎರಡು ಹೊಲಿಗಿಗೆ ಇಷ್ಟ್ಯಾಕೋ?" ಎಂದು ಏಕವಚನದಲ್ಲೇ ಚೌಕಾಶಿಗಿಳಿಯುತ್ತಾನೆ. ಅದೇ ಪೇಟೆಯಲ್ಲಿ ಗಾಜಿನ ಕಪಾಟಿನ ಪಾದರಕ್ಷೆ ಅಂಗಡಿ ಇಡಲು ಯಾವ ಮೇಲ್ಜಾತಿಯವನಿಗೂ ಅಡ್ಡಿಯಿಲ್ಲ. ಮಾರಿದರೆ ಮೈಲಿಗೆಯಿಲ್ಲ, ಹೊಲಿದರೆ ಮಾತ್ರ ಮೈಲಿಗೆ! ಜಾತಿಯೆಂದರೆ ಬರೀ ಕೆಲಸದ ವಿಂಗಡಣೆಯಲ್ಲ, ಕೆಲಸಗಾರರನ್ನೇ ಮೇಲುಕೀಳಾಗಿ ಒಡೆದದ್ದು ಎಂದು ಅಂಬೇಡ್ಕರ್ 1936ರಲ್ಲಿ 'ಜಾತಿ ವಿನಾಶ'ದಲ್ಲಿ ತೋರಿಸಿದ್ದು ಇದನ್ನೇ.

ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಯುಂಟು. ಚಿನ್ನದ ಬಣ್ಣದ ಆ ಸೂಕ್ಷ್ಮ ಗೆರೆಗಳನ್ನು ಕಲೆ ಎನ್ನುತ್ತೇವೆ, ಎನ್ನಲೇಬೇಕು. ಹಸಿ ಚರ್ಮಕ್ಕೆ ಸುಣ್ಣ ಹಾಕಿ ಕೂದಲು ಉದುರಿಸಿ, ತಂಗಡಿ ತೊಗಟೆಯ ನೀರಿನಲ್ಲಿ ದಿನಗಟ್ಟಲೆ ನೆನೆಸಿ, ಕೊಳೆಯುವ ವಸ್ತುವನ್ನು ಕೊಳೆಯದಂತೆ ಮಾಡುವ ವಿದ್ಯೆಗೆ ಏನೆನ್ನುತ್ತೇವೆ? ಕುಲಕಸುಬು. ರಸಾಯನಶಾಸ್ತ್ರ ಓದಿದವನಿಗೆ ಪದವಿ, ಕೈಯಾರೆ ಮಾಡಿದವನಿಗೆ ಕುಲ!

ದುಡಿಯುವ ಕೈ ಮಾತಾಡಿದ್ದನ್ನು ಈ ನೆಲ ಕೇಳದೆ ಇಲ್ಲ. ನೇಕಾರ ದೇವರ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವನು. ಮಾದಾರ ಚನ್ನಯ್ಯನ ಅಂಕಿತದಲ್ಲೇ ಉಳಿ, ಕತ್ತಿ, ಅಡಿಗೂಂಟಗಳಿವೆ. ಜೊತೆಗೆ ಅವಕ್ಕೆ ಅಡಿಯಾಗಬೇಡವೆಂಬ ಎಚ್ಚರವೂ ಇದೆ. ಸಮಗಾರ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆಯನ್ನು ಎಲ್ಲರೂ ಕಣ್ಣೀರಿಟ್ಟು ಹೇಳುತ್ತಾರೆ. ಅದೇ ಹರಳಯ್ಯನ ಮನೆಗೂ ಬ್ರಾಹ್ಮಣ ಮೂಲದ ಮಧುವರಸನ ಮನೆಗೂ ಬೀಗತನವಾದಾಗ ಕಲ್ಯಾಣದಲ್ಲಿ ಏನಾಯಿತು? ಇಬ್ಬರಿಗೂ ಎಳೆಹೂಟೆ. ಚರ್ಮ ಕೊಟ್ಟಾಗ ಭಕ್ತ, ಮಗನಿಗೆ ಹೆಣ್ಣು ತಂದಾಗ ಅಪರಾಧಿ! ಕಸುಬನ್ನು ಹೊಗಳುವುದು ಬೇರೆ, ಕಸುಬುದಾರನನ್ನು ಮನುಷ್ಯನೆಂದು ಒಪ್ಪುವುದು ಬೇರೆ.

2023ರಲ್ಲಿ ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ತಂದಿತು. 18 ಕಸುಬುಗಳು, ಸಲಕರಣೆಗೆ 15,000 ರೂಪಾಯಿ, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ. ಹೊಟ್ಟೆಪಾಡಿಗೆ ಬೇಕಾದವನು ತಗೊಳ್ಳಲಿ, ತಪ್ಪಿಲ್ಲ. ಆದರೆ ಒತ್ತು ಇರುವುದು ಮನೆತನದ ಕಸುಬಿಗೆ. ವಯಸ್ಸು 18 ತುಂಬಿದರೆ ಸಾಕು. ಕಾಲೇಜಿನ ಬಾಗಿಲಲ್ಲಿ ನಿಂತ ಹುಡುಗನ ಕೈಗೆ ಅಜ್ಜನ ಉಳಿಯನ್ನೇ ಕೊಡುವುದು ಸಹಾಯವೋ, ಹೊಸ ಬೀಗವೋ? ಮನೆತನದ ಷರತ್ತು ತೆಗೆಯಿರಿ, ಕನಿಷ್ಠ ವಯಸ್ಸು 35 ಮಾಡಿರಿ ಎಂದು ಕೇಳಿದ ತಮಿಳುನಾಡು ಸರ್ಕಾರ, ಕೇಂದ್ರ ಒಪ್ಪದಿದ್ದಾಗ 2024ರಲ್ಲಿ ಯೋಜನೆಯನ್ನೇ ಒಲ್ಲೆ ಎಂದಿತು. ಆ ಪ್ರಶ್ನೆ ನಮ್ಮದೂ ಹೌದು.

ನನ್ನಂಥ ಮೊದಲ ಪೀಳಿಗೆಯ ಪದವೀಧರರಿಗೆ ಎರಡು ರೋಗ: ಹಿರಿಯರ ಉಳಿ ಕಂಡರೆ ನಾಚಿಕೆ, ಇಲ್ಲವೆ ಅದನ್ನು ಪದ್ಯದಲ್ಲಿಟ್ಟು ಪೂಜೆ. ಎರಡೂ ಬೇಡ ಗೆಳೆಯರೇ. ವಿದ್ಯೆ ನಮ್ಮದು, ಕಟ್ಟಳೆ ನಮ್ಮದಲ್ಲ. ದುಡಿಮೆಯ ಬೆಲೆಯನ್ನು ದುಡಿದವನೇ ಹೇಳಬೇಕು. ಅವನ ಮಗಳು ಬೇಡವೆಂದರೆ ಎದ್ದು ಹೋಗುವಂತಿರಬೇಕು. ಗೌಡರ ಮಗ ಬೇಕೆಂದು ಬಂದು ಕೂಡುವಂತಿರಬೇಕು. ಆಗ ಅದು ಸ್ವತಂತ್ರ ಕಸುಬು. ಅಲ್ಲಿಯತನಕ ಎಷ್ಟು ಹೊಸ ಹೆಸರಿಟ್ಟರೂ ಬಿಟ್ಟಿಯೇ.

ನಮ್ಮ ಹುಡುಗರು ಎದ್ದು ಹೋದರೆ "ಕಲೆ ಸಾಯ್ತದಲ್ಲ" ಎಂದು ಮರುಗುವ ದೊಡ್ಡವರಿಗೆ ಒಂದು ಮಾತು. ಅಷ್ಟು ಅಕ್ಕರೆ ಇದ್ರ ನಿಮ್ಮ ಮಗನ್ನ ಕಳಸ್ರಿ. ಬಗಲಾಗ ಕುಂದರಿಸಿಕೊಂಡು ಕಲಸ್ತೀವಿ. ಕಲಿಸಿದ ಕೂಲಿ ಮಾತ್ರ ನಾವು ಹೇಳಿದಷ್ಟು.